ಪಾರ್ಸೆಲ್ ಮಾವ

ನೆಂಟರ ಪ್ರತಿ ಬಳಗದಲ್ಲೂ ಒಬ್ಬ ಪಾರ್ಸೆಲ್ ಮಾವ ಇರುತ್ತಾರೆ. ನಮ್ಮವರು ತಿಪಟೂರು ಕಡೆಯವರು. ನೌಕರಿಯಿಂದ ನಿವೃತ್ತರಾದ ಮೇಲೆ ‘ತೋಟ ನೋಡ್ಕೊಂಡಿದ್ದೀನಿ’ ಎನ್ನುತ್ತಾರೆ. ತೋಟ ತನ್ನ ಪಾಡಿಗೆ ತಾನಿದೆ. ಮಾವ ನೋಡಿಕೊಳ್ಳುವುದು ಅಲ್ಲಿ ಬೆಳೆದದ್ದನ್ನು, ಉದುರಿದ್ದನ್ನು, ಅತ್ತೆ ಕುಟ್ಟಿ ಹುರಿದು ಡಬ್ಬಿಗೆ ತುಂಬಿದ್ದನ್ನು ಯಾರಿಗೆ ಎಷ್ಟು ಕಳಿಸಬೇಕು ಎಂಬುದನ್ನು. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ, ತಂಗಿಯ ಮಗ ದುಬೈನಲ್ಲಿ, ಷಡ್ಡಕನ ಮಗಳು ಆಸ್ಟ್ರೇಲಿಯದಲ್ಲಿ. ಮಾವನ ಪ್ರಕಾರ ಪ್ರಪಂಚದಲ್ಲಿ ಎರಡೇ ಬಗೆಯ ದೇಶಗಳು: ನಮ್ಮ ಮನೆ ಚಟ್ನಿಪುಡಿ ತಲುಪಿದ್ದು, ಇನ್ನೂ ತಲುಪದಿದ್ದದ್ದು.

ಅವರ ಕಾರ್ಖಾನೆ ಹಜಾರದ ಮೂಲೆಯಲ್ಲಿದೆ. ಅಂಗಡಿಯವನು ಬಿಸಾಡುವ ಮೊದಲೇ ಎತ್ತಿಕೊಂಡು ಬಂದ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗಳು, ದಬ್ಬಣ, ಗೋಣಿದಾರ, ಅರ್ಧ ಬ್ಲೇಡು, ಸ್ಪ್ರಿಂಗ್ ತಕ್ಕಡಿ, ಮೂರು ಅಳತೆಯ ಕಂದು ಟೇಪು. ಪಾರ್ಸೆಲ್ಲನ್ನು ಬಿಳಿ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗು ಕರಗಿಸಿ ಮುದ್ರೆ ಒತ್ತಿ ಕಳಿಸುತ್ತಿದ್ದ ಕಾಲದವರು ಅವರು. ಆ ಶಿಸ್ತು ಈಗ ಟೇಪಿಗೆ ವರ್ಗವಾಗಿದೆ. ಪೆಟ್ಟಿಗೆಗೆ ಉದ್ದಕ್ಕೆ ನಾಲ್ಕು ಸುತ್ತು, ಅಡ್ಡಕ್ಕೆ ನಾಲ್ಕು ಸುತ್ತು, ಮೂಲೆಗಳಿಗೆ ಬೇರೆ. ಚರ್ರ್ ಚರ್ರ್ ಸದ್ದು ಬೀದಿಗೆ ಕೇಳಿದರೆ, ಎದುರು ಮನೆಯವರು ‘ಮಗಳಿಗೆ ಹೊರಟಿತು’ ಎಂದುಕೊಳ್ಳುತ್ತಾರೆ. ಅತ್ತ ಬಿಚ್ಚುವವರ ಪಾಡು ಬೇರೆ. ಕತ್ತರಿ ಸಾಲದೆ ಚಾಕು ಹಾಕಿ, ಚಾಕು ನೇರವಾಗಿ ಉಪ್ಪಿನಕಾಯಿ ಕವರಿಗೆ ಇಳಿದು, ಮಾವನ ಪಾರ್ಸೆಲ್ ಸಾವಿರಾರು ಮೈಲಿ ಸುರಕ್ಷಿತವಾಗಿ ಹೋಗಿ ಕೊನೆಯ ಅರ್ಧ ಇಂಚಿನಲ್ಲಿ ಸೋರಿದ್ದೂ ಉಂಟು.

ಕೊರಿಯರ್ ಅಂಗಡಿಯ ಹುಡುಗನಿಗೂ ಮಾವನಿಗೂ ನಡೆಯುವ ಸಂಭಾಷಣೆ ನನಗೆ ಬಾಯಿಪಾಠ.

‘ಒಳಗೇನಿದೆ ಯಜಮಾನ್ರೇ?’

‘ಬಟ್ಟೆ.’

‘ಗಳಗಳ ಅಂತೈತಲ್ಲ ಬಟ್ಟೆ?’

‘ಹೊಸ ಬಟ್ಟೆ ಕಣಪ್ಪ, ಗಂಜಿ ಜಾಸ್ತಿ.’

ಹುಡುಗ ಮೂಸಿ ನೋಡುತ್ತಾನೆ. ಬಟ್ಟೆ ಮೆಂತ್ಯ, ಇಂಗು, ಹುಣಸೆಹಣ್ಣಿನ ವಾಸನೆ ಹೊಡೆಯುತ್ತಿರುತ್ತದೆ. ಮಾವ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ; ಪ್ರತಿ ಡಬ್ಬಿಯನ್ನೂ ಹಳೇ ಪಂಚೆ, ಸವೆದ ಟವೆಲು, ತೋಳು ಹರಿದ ಬನಿಯನ್ನಿನಲ್ಲಿ ಸುತ್ತಿರುತ್ತಾರೆ. ಅಶ್ವತ್ಥಾಮನ ವಿಷಯದಲ್ಲಿ ಧರ್ಮರಾಯ ಹೇಳಿದಷ್ಟು ಸತ್ಯ ಮಾವನ ಮಾತಿನಲ್ಲೂ ಇರುತ್ತದೆ.

ತೂಕದ ಘಟ್ಟದಲ್ಲಿ ಎರಡನೇ ಸುತ್ತು. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು ಹಾಕುವ ಪದ್ಧತಿ ಕೊರಿಯರಿನವರದು. ‘ಒಳಗಿನ ಗಾಳಿಗೂ ದುಡ್ಡೇನಯ್ಯ?’ ಎಂದು ಮಾವ ಒಂದು ಸಲ ಜಗಳ ತೆಗೆದರು. ಜಗಳದಲ್ಲಿ ಸೋತರು. ಅಂದಿನಿಂದ ಅವರ ಪೆಟ್ಟಿಗೆಯಲ್ಲಿ ಗಾಳಿಗೆ ಜಾಗವಿಲ್ಲ. ಡಬ್ಬಿ ಡಬ್ಬಿಗಳ ನಡುವಿನ ಸಂದಿಗೆಲ್ಲ ಹುರುಳಿಕಾಳು ಸುರಿಯುತ್ತಾರೆ. ಬೆಂಗಳೂರಿನ ಸೊಸೆ ಪಾರ್ಸೆಲ್ ಬಂದ ದಿನ ಮೊದಲು ಪೊರಕೆ ಹುಡುಕುತ್ತಾಳೆ.

ರಸೀದಿಯ ಹಿಂಬದಿಯಲ್ಲಿ ಏನೇನು ಕಳಿಸಬಾರದು ಎಂದು ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಯಾರೂ ಓದದ ಸಾಹಿತ್ಯ ಅದು. ಮಾವ ಮಾತ್ರ ಭೂತಗನ್ನಡಿ ಹಿಡಿದು ಓದಿದ್ದಾರೆ. ಓದಿ, ತಾವು ಇನ್ನೂ ಕಳಿಸದೇ ಇರುವುದು ಯಾವುದು ಎಂದು ನೋಡಿಕೊಂಡಿದ್ದಾರೆ. ದ್ರವ ಪದಾರ್ಥ ಬೇಡ ಎಂದಿದ್ದರೆ, ಚಳಿಗಾಲದಲ್ಲಿ ತುಪ್ಪ ಗಟ್ಟಿ ತಾನೇ? ಬೇಗ ಕೆಡುವ ವಸ್ತು ಬೇಡ ಎಂದಿದ್ದರೆ, ಅತ್ತೆ ಮಾಡಿದ್ದು ಇದುವರೆಗೆ ಯಾವುದು ಕೆಟ್ಟಿದೆ?

ಕೆಟ್ಟಿದ್ದು ಒಂದು ಇದೆ. ಅವರೆ ಕಾಲ. ಸೊಗಡು ಅವರೆಕಾಯಿ ಸುಲಿದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಮನೆಮಂದಿಯೆಲ್ಲ ಕೂತು ಹಿದುಕಿ, ಎರಡು ಕೇಜಿ ಹಿದುಕಿದ ಬೇಳೆಯನ್ನು ಪ್ಲಾಸ್ಟಿಕ್ ಡಬ್ಬಿಗೆ ಒತ್ತಿ ಮಗನ ಆಫೀಸಿನ ವಿಳಾಸಕ್ಕೆ ಹಾಕಿದರು. ಹಾಕಿದ್ದು ಶುಕ್ರವಾರ. ಶನಿವಾರ, ಭಾನುವಾರ ಆಫೀಸಿಗೆ ರಜ, ಸೋಮವಾರ ಸಂಕ್ರಾಂತಿ. ಮಂಗಳವಾರ ಬೆಳಿಗ್ಗೆ ಸೆಕ್ಯುರಿಟಿಯವನು ಫೋನು ಮಾಡಿ, ‘ಸಾರ್, ನಿಮ್ಮ ಪಾರ್ಸೆಲ್ ಉಸಿರಾಡ್ತಾ ಇದೆ’ ಎಂದನಂತೆ. ಡಬ್ಬಿಯ ಮುಚ್ಚಳ ಗುಮ್ಮಟದ ಹಾಗೆ ಉಬ್ಬಿತ್ತು. ಹುಳಿಬಂದ ಅವರೆಯ ವಾಸನೆಯನ್ನು ಮೂಗಿಗೆ ಒಮ್ಮೆ ಪರಿಚಯ ಮಾಡಿಕೊಂಡವರಿಗೆ ವಿವರಿಸಬೇಕಾಗಿಲ್ಲ. ಮಾಡಿಕೊಳ್ಳದವರಿಗೆ ವಿವರಿಸಿ ಪ್ರಯೋಜನವಿಲ್ಲ. ಮಾವ ತಪ್ಪನ್ನು ಕೂಡಲೇ ಕಂಡುಹಿಡಿದರು: ‘ಸಂಕ್ರಾಂತಿಗೆ ಆಫೀಸು ಯಾಕಯ್ಯ ರಜ ಕೊಡಬೇಕು?’

ಆದರೆ ಇವೆಲ್ಲ ಸಣ್ಣ ಕದನಗಳು. ಮಾವನ ಕುರುಕ್ಷೇತ್ರ ಕೊಬ್ಬರಿಯದು.

ತಿಪಟೂರು ಸೀಮೆಯಲ್ಲಿ ಕೊಬ್ಬರಿಯ ಮೇಲೆ ಮದುವೆ ನಿಶ್ಚಯವಾಗುತ್ತದೆ, ಸಾಲ ಹುಟ್ಟುತ್ತದೆ, ಸಾಲ ತೀರುತ್ತದೆ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಸದ್ದು ಕೊಡುತ್ತದೆ. ಒಡೆದು ತೆಗೆದರೆ ಇಡೀ ಉಂಡೆ ಕೊಬ್ಬರಿ. ಎಪಿಎಂಸಿಯಲ್ಲಿ ಹರಾಜಿಗೆ ಕೂಗುವ ಮಾಲು ಅದು. ಅದರಲ್ಲಿ ಹೊಳಪಿರುವ ನೂರು ಕೊಬ್ಬರಿ ಆರಿಸಿ ಮಗಳಿಗೆ ಎತ್ತಿಡದಿದ್ದರೆ ತವರು ಮನೆ ಇದ್ದೇನು ಪ್ರಯೋಜನ ಎಂಬುದು ಮಾವನ ನಿಲುವು.

‘ಕೊಬ್ಬರಿ ವಿಮಾನಕ್ಕೆ ಹೋಗಲ್ಲ ಯಜಮಾನ್ರೇ. ಬೆಂಕಿ ಹತ್ಕೊಳ್ಳುತ್ತಂತೆ’ ಎಂದ ಹುಡುಗ.

ಮಾವ ನಗಲಿಲ್ಲ. ತಿಪಟೂರಿನವರ ಎದುರು ಕೊಬ್ಬರಿಗೆ ಬೆಂಕಿ ಹತ್ತುತ್ತದೆ ಎನ್ನುವುದೂ ಒಂದೇ, ಮನೆದೇವರ ಮೇಲೆ ಅನುಮಾನ ಪಡುವುದೂ ಒಂದೇ. ‘ನಮ್ಮಪ್ಪನ ಕಾಲದಿಂದ ಅಟ್ಟದಲ್ಲಿದೆ ಕಣೋ. ಕೆಳಗಡೆ ಸೌದೆ ಒಲೆ ಉರೀತಿತ್ತು. ಒಂದು ದಿನ ಹತ್ಕೊಂಡಿಲ್ಲ. ನಿನ್ನ ವಿಮಾನದಲ್ಲಿ ಎಂಥಾ ಒಲೆ ಇದೆ?’

ಹುಡುಗ ಹೇಳಿದ್ದು ಸರಿ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ನಂಬರೇ ಇದೆ. ವರ್ಗ 4.2, ಎಂದರೆ ಕಡ್ಡಿ ಗೀರದೆ ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲು. ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಸರಿಯಾಗಿ ಒಣಗದೆ ತೇವ ಉಳಿದ ಕೊಬ್ಬರಿಯನ್ನು ಒತ್ತಿ ತುಂಬಿದರೆ ಎಣ್ಣೆಗೂ ಗಾಳಿಯ ಆಮ್ಲಜನಕಕ್ಕೂ ಕೂಡಿ ಒಳಗೇ ಕಾವು ಏಳುತ್ತದೆ. ಕಾವು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಏರುತ್ತಲೇ ಹೋಗುತ್ತದೆ. ಮಾವನ ಅಟ್ಟದಲ್ಲಿ ಗಾಳಿ ಆಡುತ್ತದೆ, ಕಾಯಿ ಇನ್ನೂ ಚಿಪ್ಪಿನೊಳಗಿರುತ್ತದೆ. ಮಾವನ ಪೆಟ್ಟಿಗೆಯಲ್ಲಿ ಗಾಳಿಗೆ ಜಾಗವೇ ಇಲ್ಲ ಎಂದು ಆಗಲೇ ಹೇಳಿದೆನಲ್ಲ. ವಿಮಾನದ ಲಗೇಜಿನಲ್ಲೂ ಒಣ ಕೊಬ್ಬರಿ ಒಯ್ಯುವಂತಿಲ್ಲ. ಶಬರಿಮಲೆಗೆ ಹೊರಟ ಅಯ್ಯಪ್ಪ ಭಕ್ತರ ಇರುಮುಡಿಯ ತೆಂಗಿನಕಾಯಿಯನ್ನೂ ಕೈಚೀಲದಲ್ಲಿ ಬಿಡುತ್ತಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಕೇಂದ್ರ ವಿಮಾನಯಾನ ಸಚಿವರು, ಆ ಯಾತ್ರೆಯ ಅವಧಿಗೆ ಮಾತ್ರ, 2025ರ ಜನವರಿ 20ರವರೆಗೆ ವಿನಾಯಿತಿ ಘೋಷಿಸಬೇಕಾಯಿತು.

ಅದೇ ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಕೊಟ್ಟಿತ್ತು. ‘ಒಬ್ಬ ಮಂತ್ರಿ ಬೆಳೀರಿ ಅಂತಾನೆ, ಇನ್ನೊಬ್ಬ ಮಂತ್ರಿ ಬಾಂಬು ಅಂತಾನೆ’ ಎಂದು ಮಾವ ಪೇಪರು ಮಡಿಸಿಟ್ಟರು. ಅಂತರರಾಷ್ಟ್ರೀಯ ಅಂಚೆಯಲ್ಲಿ ಜೇನುಹುಳ, ಜಿಗಣೆ, ರೇಷ್ಮೆಹುಳಗಳನ್ನು ಜೀವಂತ ಕಳಿಸಲು ಅವಕಾಶವಿದೆ ಎಂದು ನಾನು ಬಾಯಿ ತಪ್ಪಿ ಹೇಳಿದ ದಿನ ಅವರು ಊಟ ಮಾಡಲಿಲ್ಲ. ಜಿಗಣೆ ಹೋಗಬಹುದು, ಕೊಬ್ಬರಿ ಹೋಗಬಾರದು!

ಗೌರಿ ಹಬ್ಬಕ್ಕೆ ಮಗಳಿಗೆ ಬಾಗಿನ ಕಟ್ಟಿದ್ದನ್ನು ನಾನೇ ನೋಡಿದ್ದೇನೆ. ಬಳೆ, ಬಿಚ್ಚೋಲೆ, ರವಿಕೆ ಕಣ, ಅರಿಸಿನ ಕುಂಕುಮ ಸರಿ. ಅದರ ಕೆಳಗೆ ಕೊಬ್ಬರಿ. ಕೊಬ್ಬರಿ ಪಕ್ಕದಲ್ಲಿ ತುಪ್ಪದಲ್ಲಿ ಅದ್ದಿದ ಹೂಬತ್ತಿ. ಪಕ್ಕದಲ್ಲಿ ಕರ್ಪೂರ, ಅದಕ್ಕೂ ಅಪಾಯದ ಪಟ್ಟಿಯಲ್ಲಿ ನಂಬರಿದೆ, 2717, ಬೇಗ ಹೊತ್ತುವ ಘನವಸ್ತು. ಎಲ್ಲದರ ಮೇಲೆ, ಅಲ್ಲಿ ಸಿಗುತ್ತೋ ಇಲ್ಲವೋ ಎಂದು, ಎರಡು ಬೆಂಕಿಪೊಟ್ಟಣ. ಮಾವನ ಕಣ್ಣಿಗೆ ಅದು ಪೂಜಾ ಸಾಮಾನು. ಪೊಲೀಸರ ಕಣ್ಣಿಗೆ ಏನಾಗಿ ಕಾಣಬಹುದಿತ್ತು ಎಂದು ಯೋಚಿಸಿ ನನಗೆ ಬೆವರಿತು. ಜೊತೆಗೊಂದು ಲಕೋಟೆಯಲ್ಲಿ ವಿಭೂತಿ. 2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಗಳಲ್ಲಿ ಆಂಥ್ರಾಕ್ಸ್ ರೋಗಾಣುವಿನ ಪುಡಿ ಬಂದು ಐವರು ಸತ್ತ ಮೇಲೆ, ಲಕೋಟೆಯಿಂದ ಬಿಳಿ ಪುಡಿ ಉದುರಿದರೆ ಅಲ್ಲಿನವರು ಹಣೆಗೆ ಹಚ್ಚಿಕೊಳ್ಳುವುದಿಲ್ಲ, ಕಟ್ಟಡ ಖಾಲಿ ಮಾಡುತ್ತಾರೆ. ಕರಿಬೇವಿನ ಕಡ್ಡಿಯೂ ಇತ್ತು. ನಿಂಬೆ, ಕಿತ್ತಳೆ ತೋಟಗಳನ್ನು ಹಾಳು ಮಾಡುವ ರೋಗ ಹರಡುವ ಕೀಟ ಅದರ ಎಲೆಯಲ್ಲೂ ಬರುತ್ತದೆಂದು ಹಸಿ ಕರಿಬೇವನ್ನು ಅಮೆರಿಕದವರು ಒಳಗೆ ಬಿಡುವುದಿಲ್ಲ. ಆಸ್ಟ್ರೇಲಿಯದವರಂತೂ ಹಾಲಿನ ಪೇಡ ಕಂಡರೆ ಕಸದಬುಟ್ಟಿ ತೋರಿಸುತ್ತಾರೆ.

ಇಷ್ಟೆಲ್ಲದರ ನಡುವೆ, ಮಾವ ಕಾನೂನಿನ ಭಯವಿಲ್ಲದೆ ಇಡುತ್ತಿದ್ದದ್ದು ಒಂದೇ ಒಂದು: ಕಾಗದ. ‘ಚಿ. ಸೌ. ಮಗಳಿಗೆ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಚಟ್ನಿಪುಡಿಗೆ ಖಾರ ಜಾಸ್ತಿ ಆಗಿದೆ, ಮೊಸರು ಹಾಕಿಕೋ.’ ತಮಾಷೆಯೆಂದರೆ, ಬ್ರಿಟಿಷರು 1898ರಲ್ಲಿ ಮಾಡಿದ ಅಂಚೆ ಕಾಯಿದೆಯ ಪ್ರಕಾರ ಕಾಗದ ಸಾಗಿಸುವ ಹಕ್ಕು ಸರ್ಕಾರಿ ಅಂಚೆಯೊಂದಕ್ಕೇ ಮೀಸಲಾಗಿತ್ತು. ಕೊರಿಯರಿನವರು ಹಿಂದೆಲ್ಲ ಲಕೋಟೆಯ ಮೇಲೆ ‘ಡಾಕ್ಯುಮೆಂಟ್ಸ್’ ಎಂದು ಬರೆದುಕೊಳ್ಳುತ್ತಿದ್ದುದು ಸುಮ್ಮನಲ್ಲ. 2023ರ ಹೊಸ ಕಾಯಿದೆ 2024ರ ಜೂನಿನಲ್ಲಿ ಜಾರಿಯಾದ ಮೇಲೆ ಆ ಮೀಸಲು ಹೋಯಿತು.

ಆ ಹಳೆಯ ಕಾಯಿದೆಯಲ್ಲೇ ಇನ್ನೊಂದು ಸಂದು ಇತ್ತು. ತನ್ನ ದಾರಿಯಲ್ಲಿ ತಾನು ಹೋಗುತ್ತಿರುವ ಸ್ನೇಹಿತ ಕೂಲಿ, ಪ್ರತಿಫಲ ಪಡೆಯದೆ ಕಾಗದ ಒಯ್ದು ಮುಟ್ಟಿಸಿದರೆ ತಪ್ಪಲ್ಲ ಎಂದು ಅದು ಹೇಳಿತ್ತು. ಮಾವ ಆ ಕಾಯಿದೆ ಓದಿಲ್ಲ. ಆದರೆ ಅದರ ಆ ಒಂದು ಮಾತಿನ ಮೇಲೇ ಅವರ ಇಳಿವಯಸ್ಸಿನ ವ್ಯವಹಾರವೆಲ್ಲ ನಿಂತಿದೆ. ಅಂಚೆ ಬೇಡವೆಂದದ್ದನ್ನು, ಕೊರಿಯರ್ ವಾಪಸು ಕಳಿಸಿದ್ದನ್ನು, ಬಸ್ಸಿನ ಕಂಡಕ್ಟರು ಮೂಸಿ ಕೆಳಗಿಟ್ಟದ್ದನ್ನು ಸಾಗಿಸಲು ದೇವರು ನೆಂಟರನ್ನು ಸೃಷ್ಟಿಸಿದ್ದಾನೆ.

ಯಾರ ಮನೆಯ ಹುಡುಗ ಯಾವ ತಾರೀಕು ಯಾವ ದೇಶಕ್ಕೆ ಹೊರಟ ಎಂಬುದು ಅವನ ಹೆಂಡತಿಗಿಂತ ಮೊದಲು ಮಾವನಿಗೆ ಗೊತ್ತಿರುತ್ತದೆ. ಹೊರಡುವ ಹಿಂದಿನ ಸಂಜೆ ಬಂದು, ಕಾಫಿ ಬೇಡವೆಂದು, ಕುಡಿದು, ‘ಲಗೇಜು ಎಷ್ಟಾಯ್ತಪ್ಪ?’ ಎನ್ನುತ್ತಾರೆ. ಈ ಪ್ರಶ್ನೆಗೆ ಸರಿಯುತ್ತರವಿಲ್ಲ. ಇಪ್ಪತ್ತು ಕೇಜಿ ಎಂದರೆ ‘ಹಾಗಾದ್ರೆ ಮೂರು ಕೇಜಿಗೆ ಜಾಗ ಇದೆ’. ಇಪ್ಪತ್ತಮೂರೂ ಆಗಿದೆ ಎಂದರೆ ‘ಅಷ್ಟೊಂದು ಬಟ್ಟೆ ಯಾಕೆ, ಅಲ್ಲೇನು ಬಟ್ಟೆ ಸಿಗಲ್ವಾ?’ ಚಟ್ನಿಪುಡಿ ಒಳಗೆ ಹೋಗುತ್ತದೆ, ಎರಡು ಅಂಗಿ ಹೊರಗೆ ಬರುತ್ತದೆ. ‘ಏನೂ ಇಲ್ಲಪ್ಪ, ಒಂದು ಪುಟ್ಟ ಡಬ್ಬಿ’ ಎನ್ನುತ್ತಾರೆ. ಡಬ್ಬಿಗೆ ಎಂಟು ಸುತ್ತು ಟೇಪು.

ನಗುವ ಮಾತು ಇಲ್ಲಿಗೆ ಸ್ವಲ್ಪ ನಿಲ್ಲಬೇಕು. ದುಬೈಯ ತಂಗಿಮಗನಿಗೆ ಪಾಯಸ ಇಷ್ಟವೆಂದು ಮಾವ ಕಾಲು ಕೇಜಿ ಗಸಗಸೆ ಕಟ್ಟಿದ್ದರು. ಅಫೀಮಿನ ಗಿಡದ ಬೀಜ ಅದು. ನಮ್ಮಲ್ಲಿ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಯುಎಇ, ಸೌದಿ ಅರೇಬಿಯ, ಸಿಂಗಪುರಗಳಲ್ಲಿ ಮಾದಕವಸ್ತುವಿನ ಲೆಕ್ಕಕ್ಕೆ ಸೇರಿ ನಿಷಿದ್ಧ. ‘ಅಡುಗೆಗೆ ಸ್ವಾಮಿ’ ಎಂದು ಅಲ್ಲಿನ ಕಸ್ಟಮ್ಸಿನವರಿಗೆ ಹೇಳಲು ಮಾವ ಜೊತೆಯಲ್ಲಿರುವುದಿಲ್ಲ. ‘ನಿಮ್ಮ ಪೆಟ್ಟಿಗೆ ನೀವೇ ಕಟ್ಟಿದ್ದಾ? ಬೇರೆಯವರು ಕೊಟ್ಟದ್ದು ಏನಾದರೂ ಇದೆಯಾ?’ ಎಂದು ವಿಮಾನ ನಿಲ್ದಾಣದಲ್ಲಿ ಕೇಳುವುದು ಕಾಟಾಚಾರಕ್ಕಲ್ಲ. ‘ಹೌದು, ನಾನೇ’ ಎಂದ ಮೇಲೆ ಒಳಗಿರುವುದೆಲ್ಲ ನಿಮ್ಮದೇ.

ಆದ್ದರಿಂದ ಹೊರದೇಶಕ್ಕೆ ಹೊರಟವರಲ್ಲಿ ಒಂದು ಕೋರಿಕೆ. ನಿಮ್ಮ ಬಳಗದ ಪಾರ್ಸೆಲ್ ಮಾವ ಡಬ್ಬಿ ತಂದಾಗ ಬೇಡವೆನ್ನಬೇಡಿ, ನಿಮ್ಮ ಕೈಲಾಗುವುದೂ ಇಲ್ಲ. ಅವರು ಗೇಟು ದಾಟಿದ ಮೇಲೆ ಬ್ಲೇಡು ತಂದು, ಟೇಪು ಬಿಡಿಸಿ, ಹಳೇ ಬನಿಯನ್ನು ಬಿಚ್ಚಿ ನೋಡಿ. ಚಟ್ನಿಪುಡಿಯಿದ್ದರೆ ಆ ದೇಶದ ನಿಯಮ ವಿಚಾರಿಸಿಕೊಂಡು ಒಯ್ಯಿರಿ. ಗಸಗಸೆಯಿದ್ದರೆ ಆ ರಾತ್ರಿಯೇ ಪಾಯಸ ಮಾಡಿಸಿ, ಎಲ್ಲರೂ ಕುಡಿದು, ಡಬ್ಬಿ ತೊಳೆದಿಟ್ಟು ಹೊರಡಿ. ಡಬ್ಬಿಯನ್ನು ಮಾವ ವಾಪಸು ಕೇಳುತ್ತಾರೆ.