ಮೂಗಿಗಿಂತ ಮೂಗುತಿ ಭಾರ

ಅಮೆರಿಕದ ಟೆಕ್ಸಾಸಿನ ಹ್ಯೂಸ್ಟನ್ ನಗರದ ಕನ್ನಡ ಮನೆಗಳಲ್ಲಿ ಮಗನ ಕೈಗೆ ಲೈಸೆನ್ಸ್ ಬಂತೆಂದರೆ ಗರಾಜಿನಲ್ಲಿ ಹೊಸ ಮತವೊಂದು ಹುಟ್ಟುತ್ತದೆ. ಅಪ್ಪ ಕೊಡಿಸಿದ ಹಳೇ ಕಾರಿಗೆ ‘ಕೋಲ್ಡ್ ಏರ್ ಇನ್‌ಟೇಕ್’ ಹಾಕಲೇಬೇಕು ಎಂಬುದು ಆ ಮತದ ಮೂಲಮಂತ್ರ. ಮಗನಿಗೆ ಅದು ಮೋಕ್ಷಸಾಧನ, ಅಮ್ಮನಿಗೆ ಇನ್ನೂರು ಮುನ್ನೂರು ಡಾಲರಿನ ಕೊಳವೆ. ನಾನು ಯಾರ ಪಕ್ಷವೂ ಅಲ್ಲ. ಎಂಜಿನ್ನಿಗೆ ಗಾಳಿ ಎಳೆಯಲು ಕಾರಿಗೂ ಒಂದು ಮೂಗಿದೆ, ಅದು ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ಊರಿನ ನೀರು ಹೇಳಬೇಕು ಎಂಬುದಷ್ಟೇ ನನ್ನ ವಾದ.

ಮಗನ ಬಳಿ ವಿಜ್ಞಾನವಿದೆ, ಒಪ್ಪೋಣ. ಗಾಳಿ ಹತ್ತು ಡಿಗ್ರಿ ತಣ್ಣಗಾದರೆ ಅಷ್ಟೇ ಜಾಗದಲ್ಲಿ ಸುಮಾರು ಶೇ. 3ರಷ್ಟು ಹೆಚ್ಚು ಹಿಡಿಸುತ್ತದೆ; ಅಷ್ಟು ಹೆಚ್ಚು ಪೆಟ್ರೋಲ್ ಉರಿಯಬಹುದು. ಆದರೆ ಕಂಪನಿಯವರು ಕೂರಿಸಿದ ಪೆಟ್ಟಿಗೆಯೇನೂ ಬಾನೆಟ್ಟಿನೊಳಗಿನ ಧಗೆ ಕುಡಿದು ಬದುಕುತ್ತಿಲ್ಲ. ಬಹುಪಾಲು ಕಾರುಗಳಲ್ಲಿ ಅದರ ಮೂತಿ ಮುಂದಿನ ಜಾಲರಿಯ ಹಿಂದೆ, ಎತ್ತರದಲ್ಲಿ, ಹೊರಗಾಳಿಯನ್ನೇ ಎಳೆಯುತ್ತಿರುತ್ತದೆ. ಆಗಸ್ಟಿನಲ್ಲಿ ಹೊರಗೇ 37 ಡಿಗ್ರಿ ಇರುವಾಗ ‘ಕೋಲ್ಡ್ ಏರ್’ ಎಂಬುದು ಸಂಜೆ ಐದಕ್ಕೂ ಹೋಟೆಲ್ ಬೋರ್ಡಿನ ಮೇಲಿರುವ ‘ಬಿಸಿ ಬಿಸಿ ಇಡ್ಲಿ’ಯಂತೆ. ನಿಜಕ್ಕೂ ಹೆಚ್ಚುವುದು ಸದ್ದು. ಸದ್ದನ್ನೇ ಶಕ್ತಿ ಎಂದುಕೊಳ್ಳುವ ಭ್ರಮೆ ಹುಡುಗರಿಗೊಂದೇ ಅಲ್ಲ, ಕನ್ನಡ ಕೂಟದಲ್ಲಿ ಮೈಕು ಸಿಕ್ಕವರಿಗೂ ಉಂಟು.

ಕೂರಿಸುವ ಕೆಲಸ ಮಹಾ ಕಷ್ಟದ್ದಲ್ಲ. ಬ್ಯಾಟರಿ ತಂತಿ ಕಳಚಿ, ಹಳೇ ಪೆಟ್ಟಿಗೆ ತೆಗೆದು, ಗಾಳಿ ಅಳೆಯುವ ಸೆನ್ಸರನ್ನು ಹೊಸ ಕೊಳವೆಗೆ ಸಿಕ್ಕಿಸಿ ಕ್ಲ್ಯಾಂಪ್ ಬಿಗಿದರಾಯಿತು. ಕಷ್ಟವಿರುವುದು ಕೊಳವೆ ಹೋಗುವ ದಾರಿಯಲ್ಲಿ. ಅದು ಕೆಳಗಿಳಿದು ಬಂಪರಿನ ಹಿಂದೆ, ರಸ್ತೆಗೆ ಒಂದು ಗೇಣು ಮೇಲೆ ಮೂಗು ಚಾಚುತ್ತದೆ. ಹ್ಯೂಸ್ಟನ್ನೋ ಹರಿವಾಣದಂಥ ಊರು. ಚರಂಡಿ ತುಂಬಿದರೆ ಮಳೆನೀರು ಬೀದಿಯಲ್ಲೇ ನಿಂತು ಹರಿಯಲಿ ಎಂದು ರಸ್ತೆಗಳನ್ನು ಕಟ್ಟಿದ್ದಾರೆ. 2017ರ ಹಾರ್ವಿ ಚಂಡಮಾರುತ ಅದೇ ಟೆಕ್ಸಾಸಿನ ನೆಡರ್‌ಲ್ಯಾಂಡಿನಲ್ಲಿ 60.58 ಇಂಚು ಸುರಿಯಿತು. ಮೈಸೂರಿನ ಎರಡು ವರ್ಷದ ಮಳೆ ಹೆಚ್ಚುಕಡಿಮೆ ಒಂದೇ ವಾರದಲ್ಲಿ. ಅಂಥ ನೀರು ಮೂಗಿನಿಂದ ಎಂಜಿನ್ ಹೊಕ್ಕರೆ? ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಎಂದಿಟ್ಟುಕೊಳ್ಳಿ, ಕಂಪ್ರೆಷನ್ ಹತ್ತಕ್ಕೊಂದು. ಪಿಸ್ಟನ್ ತುದಿಗೇರಿದಾಗ ಮೇಲೆ ಉಳಿಯುವ ಜಾಗ ಸುಮಾರು 55 ಮಿಲಿಲೀಟರ್, ಒಂದು ಬೈಟು ಕಾಫಿಯಷ್ಟು. ಗಾಳಿಯಾದರೆ ಅದುಮಿದಷ್ಟೂ ಅಡಗುತ್ತದೆ, ನೀರು ಅಡಗುವುದಿಲ್ಲ. ಬೈಟುವಿಗಿಂತ ಒಂದು ಗುಟುಕು ಹೆಚ್ಚು ನೀರು ಹೊಕ್ಕರೂ ಮೇಲಿನ ನೀರು ಜಗ್ಗದು, ಕೆಳಗಿನ ಕ್ರ್ಯಾಂಕ್ ನಿಲ್ಲದು. ಸೊಂಟ ಮುರಿಯುವುದು ನಡುವಿನ ಕನೆಕ್ಟಿಂಗ್ ರಾಡಿನದು. ಕನ್ನಡ ಬಿಟ್ಟು ಬೇರೆ ಬಾರದ ಅಜ್ಜಿಗೂ ಕನ್ನಡ ಬಿಟ್ಟು ಬೇರೆಲ್ಲ ಬರುವ ಮೊಮ್ಮಗನಿಗೂ ನಡುವೆ ಸಿಕ್ಕ ಅಪ್ಪನ ಪಾಡು ಅದರದು.

‘ಹಾಗಾದರೆ ಮಳೆಯಲ್ಲಿ ಓಡಿಸಲೇಬಾರದೇ?’ ಎಂದು ಮಗ ಕೇಳುತ್ತಾನೆ. ಓಡಿಸಬಹುದು. ಹನಿಗಳನ್ನು ಫಿಲ್ಟರಿಗೆ ತೊಡಿಸುವ ಚೀಲವೇ ತಡೆಯುತ್ತದೆ. ಅಪಾಯವಿರುವುದು ಫಿಲ್ಟರ್ ಮುಳುಗಿದಾಗ. ‘ಬೈಪಾಸ್ ವಾಲ್ವ್ ಇದೆಯಲ್ಲ?’ ಇದೆ. ಕೆಳಗೆ ಫಿಲ್ಟರ್ ಮುಳುಗಿದರೆ ಅದು ತೆರೆದುಕೊಂಡು ಮೇಲಿಂದ ಗಾಳಿ ಬಿಡುತ್ತದೆ. ಆದರೆ ನೀರು ವಾಲ್ವಿನ ಮಟ್ಟಕ್ಕೂ ಏರಿದರೆ ಅದೂ ನಿರುಪಾಯ. ‘ಕೊಳವೆ ಮೊಟಕು ಮಾಡಿ ಫಿಲ್ಟರನ್ನು ಮೇಲೇ ಇಟ್ಟರೆ?’ ಎಂಜಿನ್ನಿನ ಬಿಸಿಗಾಳಿ ಬರುತ್ತದೆ. ‘ಸುತ್ತ ಗೋಡೆ ಕಟ್ಟಿ, ಮೂತಿಯನ್ನು ಜಾಲರಿಯ ಕಡೆ ತಿರುಗಿಸಿದರೆ?’ ಭೇಷ್! ಮುನ್ನೂರು ಡಾಲರ್ ಸುರಿದು, ಮೊನ್ನೆ ಬಿಚ್ಚಿ ಮೂಲೆಗೆಸೆದ ಕಂಪನಿ ಪೆಟ್ಟಿಗೆಯನ್ನೇ ಮತ್ತೆ ಕಂಡುಹಿಡಿದಂತಾಯಿತು.

ಇಷ್ಟಾದರೂ ದೊಡ್ಡ ಅಪಾಯ ಮಗನ ಕೊಳವೆಗಿಂತ ಅಪ್ಪನ ಬೆರಳಿನಲ್ಲಿದೆ. ನೀರಿನ ನಡುವೆ ಕಾರು ನಿಂತರೆ ‘ಇನ್ನೊಂದ್ಸಲ ಸೆಲ್ಫ್ ಹೊಡಿ, ನೋಡೋಣ’ ಎನ್ನುವುದು ಲೂನಾ ಮೊಪೆಡ್ಡಿನ ಪೆಡಲ್ ತುಳಿದ ಕಾಲದಿಂದ ಬಂದ ಸಂಸ್ಕಾರ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂಬ ಗಾದೆ ಮನುಷ್ಯರಿಗೆ ಸರಿ, ಎಂಜಿನ್ನಿಗೆ ಸಲ್ಲದು. ಹೊಡೆಯಬಾರದು. ಎಳೆಸಿಕೊಂಡು ಹೋಗಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಮೇಲೆ ತಿರುಗಿಸಿದರೆ ನೀರು ತೂತಿನಿಂದ ಚಿಮ್ಮಿ ಹೋಗುತ್ತದೆ. ರಾಡು ಉಳಿದಿದ್ದರೆ ಉಳಿಯಿತು. ಒಂದಡಿ ಎತ್ತರದ ನೀರು ರಭಸವಾಗಿ ಹರಿದರೆ ಸಣ್ಣ ಕಾರೇ ಕೊಚ್ಚಿಹೋಗಬಹುದು ಎಂದು ಅಲ್ಲಿನ ಹವಾಮಾನ ಇಲಾಖೆ ಎಚ್ಚರಿಸುತ್ತದೆ. ಆಗ ಮೂಗು ಎಲ್ಲಿದ್ದರೇನು, ಹಿಂದಿರುಗುವುದೊಂದೇ ಜಾಣತನ. ಮಗನಿಗೆ ಸದ್ದೇ ಬೇಕಿದ್ದರೆ ಯುಗಾದಿ ಕಾರ್ಯಕ್ರಮಕ್ಕೆಂದು ಒಂದು ಡೊಳ್ಳು ಕೊಡಿಸಿ. ಅದು ತೇವ ಹಿಡಿದರೆ ಬಿಸಿಲಿಗಿಟ್ಟರೆ ಸಾಕು.