ಸುರಂಗರಾಯರ ಐವತ್ತು ಕೋಟಿ

ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿ, ಸೆಕೆಂಡ್ ಅವೆನ್ಯೂ ರಸ್ತೆಯ ಅಡಿ, 110ನೇ ಬೀದಿಯಿಂದ 120ರವರೆಗೆ ಸುರಂಗರಾಯರು ಉದ್ದಕ್ಕೆ ಮಲಗಿದ್ದಾರೆ. ಹುಟ್ಟಿದ್ದು 1970ರ ದಶಕದಲ್ಲಿ. 1975ರಲ್ಲಿ ನಗರದ ಬೊಕ್ಕಸ ಬರಿದಾಗಿ ಕೆಲಸ ನಿಂತಿತು. ಅವರೊಳಗೆ ಇಂದಿನವರೆಗೂ ಒಂದೂ ರೈಲು ಓಡಿಲ್ಲ. ಈಗ ದಿಢೀರನೆ ಬೇಡಿಕೆ ಕುದುರಿರುವುದರಿಂದ ಸಂದರ್ಶನಕ್ಕೆ ಒಪ್ಪುವಾಗ ಕೊಂಚ ಬಿಗುಮಾನವನ್ನೂ ತೋರಿದರು.

ವರದಿಗಾರ ಕೈಮುಗಿದ. “ಅಭಿನಂದನೆ ರಾಯರೇ! ಸೆಕೆಂಡ್ ಅವೆನ್ಯೂ ಸುರಂಗ ರೈಲಿನ ಎರಡನೇ ಹಂತದಲ್ಲಿ ತಮ್ಮಿಂದಲೇ 50 ಕೋಟಿ ಡಾಲರ್ ಉಳಿಯುತ್ತದಂತೆ.”

“ನಾನೇನು ಮಾಡಿದೆನಯ್ಯಾ? ಸುಮ್ಮನೆ ಬಿದ್ದುಕೊಂಡಿದ್ದೆ. 116ನೇ ಬೀದಿಯ ನಿಲ್ದಾಣಕ್ಕಾಗಿ ನನ್ನನ್ನು ಒಡೆದು ಹೊಸದಾಗಿ ಕಟ್ಟುವ ಲೆಕ್ಕಾಚಾರವಿತ್ತು. ಆಮೇಲೆ ಯಾರೋ ಪುಣ್ಯಾತ್ಮರು ಅಳೆದು ನೋಡಿದರು. ನಿಲ್ದಾಣ ನನ್ನೊಳಗೇ ಹಿಡಿಸುತ್ತದಂತೆ! ಇದಕ್ಕೆ ವೆಚ್ಚ ನಿಯಂತ್ರಣ ಎಂದು ಹೆಸರು. ಎಲ್ಲ ಸೇರಿ 130 ಕೋಟಿ ಡಾಲರ್ ಉಳಿತಾಯವೆಂದು ಸಾರಿಗೆ ಪ್ರಾಧಿಕಾರ ಹೇಳಿಕೊಂಡಿದೆ.”

ಮೊದಲ ಹಂತದ ಮಾತೆತ್ತಿದ್ದೇ ತಡ, ರಾಯರ ಗೋಡೆಯಿಂದ ನಾಲ್ಕು ಹನಿ ನೀರು ತೊಟ್ಟಿಕ್ಕಿತು. ನಗುವೋ ಸೋರಿಕೆಯೋ ತಿಳಿಯಲಿಲ್ಲ. 2017ರ ಜನವರಿ 1ರಂದು ತೆರೆದ ಆ ಹಂತದ ಉದ್ದ ಮೂರು ಕಿಲೋಮೀಟರಿಗೂ ಕಡಿಮೆ, ಹೊಸ ನಿಲ್ದಾಣ ಮೂರು, ಖರ್ಚು ಸುಮಾರು 445 ಕೋಟಿ ಡಾಲರ್.

“ಸುರಂಗ ಕೊರೆಯುವುದು ಅಷ್ಟೊಂದು ದುಬಾರಿಯೇ?”

“ನಮ್ಮ ಕುಲಕ್ಕೇಕೆ ಕಳಂಕ ಹಚ್ಚುತ್ತೀಯಪ್ಪಾ? 2007ರಲ್ಲಿ ಸುರಂಗದ ಗುತ್ತಿಗೆ ಹೋದದ್ದು 33.7 ಕೋಟಿ ಡಾಲರಿಗೆ. ದುಡ್ಡು ನುಂಗಿದ್ದು ನಿಲ್ದಾಣಗಳು. 96ನೇ ಬೀದಿಯಲ್ಲಿ ಪ್ಲಾಟ್‌ಫಾರ್ಮಿನ ಉದ್ದ ಸುಮಾರು 187 ಮೀಟರ್, ನೆಲ ಅಗೆದದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಯಾಕೆ ಗೊತ್ತೆ? ಯಂತ್ರಗಳಿಗೆ ಜಾಗ, ಗಾಳಿಗೆ ಜಾಗ, ಅದು ಸರಿ. ಅದರ ಮೇಲೆ ಇಲಾಖೆಗೊಂದು ವಿಶ್ರಾಂತಿ ಕೊಠಡಿ! ಹಿಸ್ಸೆಯಾಗುವ ಮೊದಲೇ ಒಂದೇ ಮನೆಯಲ್ಲಿ ನಾಲ್ಕು ಒಲೆ ಹೂಡಿದಂತೆ. ಆ ಒಲೆ ಹೂಡಲಿಕ್ಕೆ ಬಂಡೆ ಸಿಡಿಸಬೇಕು. ಈಗ ಹೊಸ ನಿಲ್ದಾಣಗಳಲ್ಲಿ ಅಂಥ ಕೊಠಡಿಗಳನ್ನು ಕಿರಿದು ಮಾಡುತ್ತಿದ್ದಾರೆ.”

ಅಗ್ಗವಾಗಿ ಮೆಟ್ರೊ ಕಟ್ಟಿದ ಮ್ಯಾಡ್ರಿಡ್‌ನ ಹೆಸರನ್ನು ವರದಿಗಾರ ಎತ್ತಿದಾಗ ಅವರಿಗೆ ಸ್ವಲ್ಪ ಹೊಟ್ಟೆಯುರಿಯಾದಂತೆ ಕಂಡಿತು. “ಅಲ್ಲಿ ಮಾನ್ವೆಲ್ ಮೆಲಿಸ್ ಎಂಬ ಎಂಜಿನಿಯರ್ ಇದ್ದರು. ಸಣ್ಣ ತಂಡ, ಸ್ಥಳದಲ್ಲೇ ತೀರ್ಮಾನ, ನಿಲ್ದಾಣಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಮಾದರಿ. 1995ರಿಂದ 1999ರೊಳಗೆ 56 ಕಿಲೋಮೀಟರ್ ಮುಗಿಸಿದರು. ಮುಂದೆ 2003ರಲ್ಲಿ 28 ನಿಲ್ದಾಣಗಳ ಮೆಟ್ರೊಸೂರ್ ವರ್ತುಲ, ಅದು 40 ಕಿಲೋಮೀಟರ್. ನಮ್ಮವರು ಅಷ್ಟು ಹೊತ್ತಿಗೆ ವರದಿ ಬರೆಯುತ್ತಿದ್ದರು.”

“ಹಾಗಾದರೆ ಎರಡನೇ ಹಂತ ಅಗ್ಗವೋ?”

“ಉಳಿತಾಯವೆಲ್ಲ ಕಳೆದ ಮೇಲೂ ಸುಮಾರು 700 ಕೋಟಿ. 2025ರ ಆಗಸ್ಟಿನಲ್ಲಿ ಸುರಂಗದ ಕೆಲಸಕ್ಕೆ 197 ಕೋಟಿ ಡಾಲರ್ ಗುತ್ತಿಗೆಗೆ ಒಪ್ಪಿಗೆ ಕೊಟ್ಟರು. ಅಗ್ಗ ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಡೆಯಲಿಲ್ಲವಲ್ಲ, ಅಷ್ಟರ ಮಟ್ಟಿಗೆ ಋಣಿ.”

ವರದಿಗಾರ ಹೊರಡಲು ಎದ್ದಾಗ ರಾಯರು ತಡೆದರು. ಚೈನಾಟೌನಿನ ಅಡಿಯಲ್ಲೂ ಅದೇ ದಶಕದ ಸುರಂಗದ ತುಂಡೊಂದಿದೆ, ಅದರೊಳಗೂ ರೈಲು ಓಡಿಲ್ಲ.

“ಅತ್ತ ಹೋದರೆ ನನ್ನ ತಮ್ಮನಿಗೆ ಒಂದು ಮಾತು ಹೇಳಿಬಿಡು. ಕನ್ಸಲ್ಟೆಂಟ್‌ಗಳು ಟಾರ್ಚ್ ಹಿಡಿದು ಇಳಿದು ಬಂದರೆ, ಅಳೆಯಲು ಬಂದಿರೋ ಒಡೆಯಲು ಬಂದಿರೋ ಎಂದು ಮೊದಲು ಕೇಳಿಕೊಳ್ಳಲಿ. ಬರೆದು ಕೊಡಲಿಕ್ಕೂ ಹೇಳು.”