‘ತಗೋತಿಲ್ಲ’ ಎಂಬ ದೂರಿಗೆ ದಫ್ತರದ ಹೇಳಿಕೆ

ಪೆನ್‌ಡ್ರೈವ್ ಚುಚ್ಚಿದಾಗ ಪರದೆಯ ಮೇಲೆ ಏನೂ ಮೂಡದಿದ್ದರೆ ನಮ್ಮ ಸೀಮೆಯಲ್ಲಿ ಹೊರಡುವ ಮಾತು ಒಂದೇ: ‘ತಗೋತಿಲ್ಲ’. ಹೆಬ್ಬೆಟ್ಟು ಒತ್ತಿದರೆ ತಗೋತಿಲ್ಲ, ಅರ್ಜಿ ಕೊಟ್ಟರೆ ತಗೋತಿಲ್ಲ, ಹೊಟ್ಟೆ ಕೆಟ್ಟ ಕರು ಹಿಂಡಿಯನ್ನೂ ತಗೋತಿಲ್ಲ. ಈ ಕ್ರಿಯಾಪದದ ದೊಡ್ಡ ಅನುಕೂಲವೆಂದರೆ ಕರ್ತೃವನ್ನು ಹೇಳಬೇಕಾಗಿಲ್ಲ. ಯಾರು ತಗೋತಿಲ್ಲ ಎಂದು ಕೇಳುವವರೂ ಇಲ್ಲ. ಕೇಳಿಯೇ ಬಿಡೋಣವೆಂದು, ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಇದೆಯೆಂದು ಕಲ್ಪಿಸಿಕೊಂಡ ಒಂದು ಜೆರಾಕ್ಸ್ ಅಂಗಡಿಯ ಲಿನಕ್ಸ್ ಕಂಪ್ಯೂಟರಿನೊಳಗೆ ಇಳಿದರೆ ಮಾತಿಗೆ ಸಿಗುವುದು ಲಿನಕ್ಸಿನ ತಿರುಳಾದ ಕರ್ನಲ್ಲಿನ ದಫ್ತರ. ಒಳಗೆ ನಡೆದದ್ದನ್ನೆಲ್ಲ ಸೆಕೆಂಡಿನ ಲೆಕ್ಕದಲ್ಲಿ ಬರೆದಿಡುವ ಈ ಕಡತವನ್ನು ತಿಳಿದವರು ‘ಡಿಮೆಸ್ಗ್’ ಎಂಬ ಆಜ್ಞೆ ಕೊಟ್ಟು ತೆರೆಯುತ್ತಾರೆ. ತಿಳಿಯದವರು ಕಂಪ್ಯೂಟರಿನ ಬೆನ್ನಿಗೆ ಎರಡು ಏಟು ಹಾಕುತ್ತಾರೆ.

ಪ್ರಶ್ನೆ: ನಿಮ್ಮ ಮೇಲೆ ದೂರಿದೆ. ಬೆಳಗಿನಿಂದ ಪೆನ್‌ಡ್ರೈವ್ ಹಾಕುತ್ತಿದ್ದಾರೆ, ನೀವು ಬಾಯಿಯೇ ಬಿಟ್ಟಿಲ್ಲವಂತೆ.

ದಫ್ತರ: ಬಾಯಿ ಬಿಟ್ಟಿಲ್ಲವೇ? ಯಂತ್ರ ಎದ್ದ 4127ನೇ ಸೆಕೆಂಡಿನಲ್ಲಿ ನಾನು ಬರೆದ ಸಾಲು ನೋಡಿ: ‘ಯುಎಸ್‌ಬಿ 1-2: ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -71’. ಒಂದು ಸಲವಲ್ಲ, ಮತ್ತೆ ಮತ್ತೆ ಬರೆದು, ಕೊನೆಗೆ ಈ ಸಾಧನದ ಗುರುತು ಹಿಡಿಯಲಾಗಲಿಲ್ಲವೆಂದು ಷರಾ ಹಾಕಿದ್ದೇನೆ. ಎಲ್ಲಿ, ಯಾವಾಗ, ಯಾವ ಮೆಟ್ಟಿಲಲ್ಲಿ ನಿಂತಿತು ಎಂಬುದೆಲ್ಲ ಅದರಲ್ಲಿದೆ. ನಿಮ್ಮ ತಾಲ್ಲೂಕಿನ ಹೊಲ, ಗುಡಿ, ಕೆರೆ ಏರಿಗಳಲ್ಲಿ ಕಲ್ಲುಗಳು ಶತಮಾನಗಟ್ಟಲೆ ನಿಂತಿದ್ದವು. 1898ರಲ್ಲಿ ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೇ ಸಂಪುಟದಲ್ಲಿ ಕೃಷ್ಣರಾಜಪೇಟೆ, ನಾಗಮಂಗಲದ ಶಾಸನಗಳನ್ನು ಅಚ್ಚು ಹಾಕಿಸಿದರು. ಕಲ್ಲು ಅವತ್ತು ಮಾತು ಕಲಿಯಿತು ಅನ್ನುತ್ತೀರಾ?

ಉಪಮೆ ಸ್ವಲ್ಪ ದೊಡ್ಡದಾಯಿತು, ದಫ್ತರಕ್ಕೆ ತನ್ನ ಬಗ್ಗೆ ಅಭಿಮಾನ ಜಾಸ್ತಿ. ಆದರೂ ವಾದದಲ್ಲಿ ಹುರುಳಿದೆ. ‘ತಗೋತಿಲ್ಲ’ ಎನ್ನುವಾಗ ನಾವು ನೋಡಿರುವುದು ಪರದೆಯ ಮೇಲಿನ ಚಿತ್ರವನ್ನು ಮಾತ್ರ. ಅಲ್ಲಿಗೆ ಬರುವ ಮೊದಲು ಸಾಧನ ಎಷ್ಟು ಮೇಜು ದಾಟಬೇಕು ಎಂಬುದನ್ನು ದಫ್ತರದ ಬಾಯಲ್ಲೇ ಕೇಳಬೇಕು.

ಪ್ರಶ್ನೆ: ಹಾಗಾದರೆ ಚುಚ್ಚಿದ ಕ್ಷಣದಿಂದ ಏನೇನಾಗುತ್ತದೆ?

ದಫ್ತರ: ಯುಎಸ್‌ಬಿ ಎರಡನೇ ಆವೃತ್ತಿಯವರೆಗಿನ ಕೇಬಲ್ಲಿನಲ್ಲಿ ನಾಲ್ಕು ತಂತಿ. ಎರಡು ಕರೆಂಟಿಗೆ, ಎರಡು ಮಾತಿಗೆ. ಸಾಧನ ಒಳಬಂದೊಡನೆ ಒಂದೂವರೆ ಕಿಲೋ ಓಮಿನ ರೋಧಕದ ಮೂಲಕ ಮಾತಿನ ತಂತಿಯೊಂದನ್ನು ಮೇಲಕ್ಕೆಳೆಯುತ್ತದೆ. ಅದು ಬಾಗಿಲು ತಟ್ಟಿದಂತೆ. ಬೇಸ್ತು ಬೀಳಿಸುವುದು ಇಲ್ಲಿಯೇ. ಮೊಬೈಲ್ ಚಾರ್ಜಿಗೆಂದು ಬರುವ ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಕರೆಂಟಿನ ತಂತಿಗಳು ಮಾತ್ರ ಇರುತ್ತವೆ. ದೀಪ ಹತ್ತುತ್ತದೆ, ಬಾಗಿಲು ತಟ್ಟಿದ ಸದ್ದೇ ಇಲ್ಲ. ದೀಪ ನೋಡಿದವರು ‘ಸಾಧನ ಚೆನ್ನಾಗಿದೆ, ಸಿಸ್ಟಂ ಕೆಟ್ಟಿದೆ’ ಎಂದು ತೀರ್ಪು ಕೊಟ್ಟಾಗಿರುತ್ತದೆ. ಹಾಗೆ ಆದಾಗ ನನ್ನಲ್ಲಿ ಒಂದಕ್ಷರವೂ ಇರುವುದಿಲ್ಲ. ಆ ಖಾಲಿ ಜಾಗವೇ ಸಾಕ್ಷಿ: ತೊಂದರೆ ತಂತಿಯಲ್ಲೋ ತೂತಿನಲ್ಲೋ ಸಾಧನದಲ್ಲೋ ಇದೆ, ತಂತ್ರಾಂಶದ ತನಕ ವಿಷಯ ಬಂದೇ ಇಲ್ಲ.

ತಟ್ಟಿದ್ದು ಕೇಳಿದರೆ 1ರಿಂದ 127ರೊಳಗೆ ಒಂದು ನಂಬರು ಕೊಟ್ಟು, ನೀನ್ಯಾರು ಎಂದು ಕೇಳುತ್ತೇವೆ. ಉತ್ತರ 18 ಬೈಟಿನದು, ತಯಾರಕರ ಸಂಖ್ಯೆ, ಮಾಲಿನ ಸಂಖ್ಯೆ ಅದರಲ್ಲೇ ಇರುತ್ತವೆ. ಉತ್ತರ ತೊದಲಿದರೆ -71, ಬಾರದೇ ಹೋದರೆ -110. ಇವೆರಡಕ್ಕೂ ಮೊದಲ ಮದ್ದು ಬೇರೆ ಕೇಬಲ್, ಬೇರೆ ತೂತು. ನಡುವೆ ಹಬ್ ಇದ್ದರೆ ಅದನ್ನು ಕಿತ್ತು ನೇರ ಹಾಕಬೇಕು, ಏಕೆಂದರೆ 500 ಮಿಲಿ ಆಂಪಿಯರನ್ನು ನಾಲ್ವರು ಹಂಚಿಕೊಂಡರೆ ಹೊಟ್ಟೆಬಾಕ ಹಾರ್ಡ್‌ಡಿಸ್ಕಿಗೆ ಸಾಲದು. ಗುರುತು ಸಿಕ್ಕ ಮೇಲೆ ಡ್ರೈವರ್ ಬೇಕು, ಆಮೇಲೆ ಅನುಮತಿ. ತೂಕದ ಯಂತ್ರದ ಸೀರಿಯಲ್ ಕೇಬಲ್ಲಿನ ಗುರುತು ಸಿಕ್ಕಿರುತ್ತದೆ, ಡ್ರೈವರೂ ಕೂತಿರುತ್ತದೆ, ಆದರೆ ಡೆಬಿಯನ್, ಉಬುಂಟುಗಳಲ್ಲಿ ಅಂಗಡಿಯವನ ಹೆಸರು ‘ಡಯಲ್‌ಔಟ್’ ಗುಂಪಿನಲ್ಲಿ ಇಲ್ಲದಿದ್ದರೆ ಬಾಗಿಲು ತೆರೆಯದು. ಪೆನ್‌ಡ್ರೈವಾದರೆ ಅದರೊಳಗಿನ ಬರವಣಿಗೆಯ ಪದ್ಧತಿಯೂ ನಮಗೆ ತಿಳಿದಿರಬೇಕು. ಇಷ್ಟರಲ್ಲಿ ಎಲ್ಲಿ ನಿಂತರೂ ನಿಮ್ಮದು ಅದೇ ಒಂದು ಪದ.

ಪ್ರಶ್ನೆ: ಅದೇ ಪೆನ್‌ಡ್ರೈವ್ ಪಕ್ಕದ ವಿಂಡೋಸ್ ಕಂಪ್ಯೂಟರಿನಲ್ಲಿ ಸಲೀಸಾಗಿ ತೆರೆಯುತ್ತದಲ್ಲ? ತಪ್ಪು ನಿಮ್ಮದೇ ಎನ್ನಲು ಇನ್ನೇನು ಬೇಕು?

ದಫ್ತರ: ಅದರಿಂದ ತಿಳಿಯುವುದು ಪೆನ್‌ಡ್ರೈವ್ ಸತ್ತಿಲ್ಲ ಎಂಬುದಷ್ಟೇ. ಬೇರೆ ಯಂತ್ರ ಎಂದರೆ ಬೇರೆ ತೂತು, ಬೇರೆ ಕರೆಂಟು. ನಮ್ಮಲ್ಲಿ ತಪ್ಪೇ ಇರಲಿಲ್ಲ ಎನ್ನುವುದಿಲ್ಲ. ಎಕ್ಸ್‌ಫ್ಯಾಟ್ ಪದ್ಧತಿಯ ದೊಡ್ಡ ಕಾರ್ಡುಗಳನ್ನು ಓದುವ ವಿದ್ಯೆ ಕರ್ನಲ್ಲಿಗೆ ನೆಟ್ಟಗೆ ಬಂದದ್ದು 2020ರ 5.7ನೇ ಆವೃತ್ತಿಯಲ್ಲಿ. ಅದಕ್ಕೂ ಹಳೆಯ ಯಂತ್ರವಾದರೆ ದೂರು ನಿಜವಿರಬಹುದು. ಆದರೆ ಬೆರಳಚ್ಚಿನ ಸಾಧನದ ಮಾತು ತೆಗೆಯಿರಿ. ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆ ಕೊಟ್ಟರೆ ಬರುವ ಪಟ್ಟಿಯಲ್ಲಿ ಅದರ ಸಂಖ್ಯೆ ಇರುತ್ತದೆ, ಎಂದರೆ ನಾವು ಗುರುತು ಹಿಡಿದಾಗಿದೆ. ಆಧಾರ್ ಕೆಲಸಕ್ಕೆ ಇನ್ನೂ ಬೇಕಾದದ್ದು ತಯಾರಕರೇ ಕೊಡುವ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶ. ಅದನ್ನು ವಿಂಡೋಸಿಗೆ ಬರೆದು, ಆಂಡ್ರಾಯ್ಡಿಗೆ ಬರೆದು, ನಮಗೆ ಬರೆಯದಿದ್ದರೆ ಸಾಧನ ನಮ್ಮೆದುರೇ ಮೂಗನಂತೆ ಕೂತಿರುತ್ತದೆ. ತಮಾಷೆ ನೋಡಿ, ಆಂಡ್ರಾಯ್ಡಿನೊಳಗೆ ಇರುವುದೂ ಲಿನಕ್ಸ್ ಕರ್ನಲ್ಲೇ. ಫೋನಿಗೆ ಒಟಿಜಿ ಕೇಬಲ್ ಹಾಕಿ ಹೆಬ್ಬೆಟ್ಟು ಒತ್ತಿದಾಗ ‘ಅಬ್ಬಾ, ತಗೊಳ್ತು’ ಅನ್ನುತ್ತೀರಲ್ಲ, ತಗೊಂಡದ್ದು ನನ್ನ ಒಡಹುಟ್ಟು!

ಪ್ರಶ್ನೆ: ಇಷ್ಟೆಲ್ಲ ರಗಳೆ ಯಾಕೆ? ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ.

ದಫ್ತರ: ಹೋಗುತ್ತದೆ, ಸಿಕ್ಕಿಹಾಕಿಕೊಂಡ ಪೋರ್ಟಿಗೆ ಕರೆಂಟು ಕಡಿದು ಕೊಟ್ಟಂತಾಗುತ್ತದೆ. ಆದರೆ ನನ್ನ ಹಾಳೆಗಳು ಇರುವುದು ಮೆಮೊರಿಯಲ್ಲಿ. ಅವುಗಳ ಒಂದು ಪ್ರತಿಯನ್ನು ಡಿಸ್ಕಿನಲ್ಲಿ ಉಳಿಸುವ ಏರ್ಪಾಡು ಮಾಡಿರದಿದ್ದರೆ, ಸ್ವಿಚ್ ಒತ್ತಿದ್ದೂ ಒಂದೇ, ಕಡತಕ್ಕೆ ಬೆಂಕಿ ಇಟ್ಟದ್ದೂ ಒಂದೇ. ನಾಳೆ ಅದೇ ರೋಗ ಮರುಕಳಿಸಿದಾಗ ನಿನ್ನೆಯ ಸಾಕ್ಷಿ ಇರುವುದಿಲ್ಲ. ಕಡತ ಕಳೆದುಹೋದರೆ ತಕರಾರೂ ಮುಗಿಯಿತು ಎಂದು ತಿಳಿಯುವ ಪದ್ಧತಿ ಕಚೇರಿಗಳಲ್ಲಿ ಇದೆಯಂತೆ, ನಮ್ಮಲ್ಲಿಲ್ಲ.

ಇನ್ನೊಂದು ಆಕ್ಷೇಪಣೆ ಉಳಿದಿತ್ತು, ಅದೇ ಗಟ್ಟಿಯಾದದ್ದು. ಅಂಗಡಿ ಮುಂದೆ ಪಹಣಿಗೆ, ಜಾತಿ ಪತ್ರಕ್ಕೆ ಕಾದು ನಿಂತವರಿಗೆ -71 ಕಟ್ಟಿಕೊಂಡು ಏನಾಗಬೇಕು? ಲಿನಕ್ಸಿನ ಮೆನುಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ, ಕರ್ನಲ್ಲಿನ ಷರಾಗಳು ಮಾತ್ರ ಇಂದಿಗೂ ಇಂಗ್ಲಿಷಿನವು. ಪಡಸಾಲೆಯಲ್ಲಿ ಕನ್ನಡ, ಅಡುಗೆಮನೆಯಲ್ಲಿ ಪರಭಾಷೆ. ಓದಲು ಬಾರದ ಭಾಷೆಯಲ್ಲಿ ಬರೆದು ‘ನಾನು ಹೇಳಿದ್ದೆ’ ಎನ್ನುವುದು ಶಾನುಭೋಗಿಕೆಯ ಹಳೆಯ ವರಸೆ. ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳು 1963ರಲ್ಲಿ ರದ್ದಾದದ್ದು ದಫ್ತರಕ್ಕೆ ನೆನಪಿರಬೇಕು.

ಪ್ರಶ್ನೆ: ಇದಕ್ಕೇನನ್ನುತ್ತೀರಿ?

ದಫ್ತರ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಒಪ್ಪಿದೆ. ನಾನು ಬರೆದದ್ದರಲ್ಲಿ ಬಳಕೆದಾರನಿಗೆ ಬೇಕಾದ ಒಂದು ಸಾಲನ್ನಾದರೂ ಪರದೆಯವರು ಕನ್ನಡದಲ್ಲಿ ತೋರಿಸಬಹುದಿತ್ತು: ‘ಕೇಬಲ್ ಬದಲಿಸಿ ನೋಡಿ’ ಎಂದು. ಅದಕ್ಕೆ ಬೇಕಾದ ಮಾಹಿತಿ ನನ್ನಲ್ಲಿ ಇದ್ದೇ ಇದೆ, ಅವರು ಕೇಳಬೇಕು. ಇರಿ, ಏನೋ ಬಂತು. 5206ನೇ ಸೆಕೆಂಡ್, ಯುಎಸ್‌ಬಿ 1-2, ಡಿಸ್‌ಕನೆಕ್ಟ್. ಕಿತ್ತರು. 5209, ಯುಎಸ್‌ಬಿ 1-4, ಹೊಸ ಸಾಧನ. ಮುಂದಿನ ತೂತಿಗೆ ಹಾಕಿದ್ದಾರೆ. 18 ಬೈಟೂ ಸರಿಯಾಗಿ ಬಂದವು. ಈಗ ಹೊರಗೆ ‘ತಗೊಳ್ತು’ ಅನ್ನುತ್ತಿರಬೇಕು, ನೋಡಿ ಬನ್ನಿ.